ಆಟದ ಸಂತೇಲಿ ಟೋಪಿ ಹಾಕೋರು

ಪ್ರಶ್ನೆ: ರೂನ್‌ಸ್ಕೇಪ್ ಅನ್ನೋ ಆನ್‌ಲೈನ್ ಆಟ ಆಡ್ತೀನಿ ಸರ್, ಅದ್ರಲ್ಲಿ ಒಂದು ಮರ್ಚಿಂಗ್ ಕ್ಲ್ಯಾನ್‌ಗೆ (ಒಟ್ಟಿಗೆ ಐಟಮ್ ತಗೊಂಡು ರೇಟ್ ಏರಿಸಿ ಮಾರೋ ಗುಂಪು) ಸೇರ್ಕೊಂಡೆ. ಲೀಡರ್ ಹೇಳಿದ ಐಟಮ್ ತಗೊಂಡೆ, ರೇಟ್ ಏರಿದ್ದೂ ನಿಜ, ಆದ್ರೆ ನಾನು ಮಾರೋಕೆ ಇಟ್ಟಾಗ ಒಬ್ರೂ ತಗೊಳ್ಳಲಿಲ್ಲ, ರೇಟ್ ದಬಕ್ಕಂತ ಬಿತ್ತು. ನನ್ನ ಟೈಮಿಂಗ್ ತಪ್ಪಾಯ್ತಾ?
– ಒಬ್ಬ ಓದುಗ, ದಾವಣಗೆರೆ

ಉತ್ತರ: ಟೈಮಿಂಗ್ ಕರೆಕ್ಟಾಗೇ ಇತ್ತು ಮಾರಾಯ್ರೆ, ನಿಮ್ದಲ್ಲ, ಲೀಡರ್‌ದು. ನೀವು ತಗೊಂಡ್ರಲ್ಲ, ಆ ಮಾಲು ಯಾರ್ದು ಅಂದ್ಕೊಂಡ್ರಿ? 2007ರಲ್ಲಿ ಗ್ರ್ಯಾಂಡ್ ಎಕ್ಸ್‌ಚೇಂಜ್ ಅನ್ನೋ ಆಟದೊಳಗಿನ ಮಾರ್ಕೆಟ್ ಬಂದಾಗಿಂದ ಅಲ್ಲಿ ಮಾರೋನ ಹೆಸ್ರೇ ಕಾಣಲ್ಲ, ಸಂತೇಲಿ ಪರದೆ ಹಿಂದೆ ಕೂತು ಮಾರಿದಂಗೆ. ಇನ್ನೊಂದು ಮಜಾ ಏನಂದ್ರೆ, ಒಬ್ಬನೇ ಇಡೀ ಮಾರ್ಕೆಟ್ ನುಂಗ್ಬಾರ್ದು ಅಂತ ಒಂದು ಐಟಮ್‌ನ 4 ಗಂಟೆಗೆ ಇಷ್ಟೇ ತಗೋಬೇಕು ಅನ್ನೋ ಲಿಮಿಟ್ ಇದೆಯಲ್ಲ, ಆ ಲಿಮಿಟ್ ಇರೋದಕ್ಕೇ ಲೀಡರ್‌ಗೆ ಕ್ಲ್ಯಾನ್ ಬೇಕಾಗಿರೋದು. ಅವ್ನು ಆಪ್ತರ ಜೊತೆ ಸೇರ್ಕೊಂಡು ಮೊದ್ಲೇ ಸದ್ದಿಲ್ದೆ ಒಟ್ಟಾಕಿರ್ತಾನೆ, ಆಮೇಲೆ ನಿಮ್ಮಂಥ ನೂರಾರು ಜನಕ್ಕೆ 'ತಗೊಳ್ಳಿ, ಯಾರೂ ಮಾರ್ಬೇಡಿ' ಅಂತಾನೆ, ನೀವೆಲ್ಲ ಮುಗಿಬಿದ್ದು ರೇಟ್ ಏರಿಸ್ತೀರಾ, ಅಷ್ಟರಲ್ಲಿ ಅವ್ನು ನಿಮಗೇ ಮಾರಿ ಕೈ ತೊಳ್ಕೊಂಡಿರ್ತಾನೆ. 'ಮಾರ್ಬೇಡಿ' ಅಂದ ತಕ್ಷಣ ಅನುಮಾನ ಬರ್ಬೇಕಿತ್ತು.

ಪ್ರಶ್ನೆ: ಈವ್ ಆನ್‌ಲೈನ್ ಅನ್ನೋ ಬಾಹ್ಯಾಕಾಶದ ಆಟದಲ್ಲಿ ಮೋಸ ಮಾಡಿದ್ರೂ ನಡೆಯತ್ತೆ ಅಂತಾರೆ, ಹಂಗಾದ್ರೆ ಬ್ಯಾಂಕ್ ದೋಚಿದವನನ್ನ ಬ್ಯಾನ್ ಮಾಡಿದ್ಯಾಕೆ?
– ಓದುಗರು, ಶಿವಮೊಗ್ಗ

ಉತ್ತರ: ನೀವು ಹೇಳ್ತಿರೋದು 2009ರ ಈಬ್ಯಾಂಕ್ ಕಥೆ. ಆಟಗಾರರೇ ಕಟ್ಟಿ ನಡೆಸ್ತಿದ್ದ ಬ್ಯಾಂಕು, ನೋಡ್ಕೋಬೇಕಾದವನೇ ಸುಮಾರು 20,000 ಕೋಟಿ ಇಸ್ಕ್ (ಆ ಆಟದ ದುಡ್ಡು) ಎತ್ಕೊಂಡು ಹೊರಗೆ 6,000 ಚಿಲ್ರೆ ಆಸ್ಟ್ರೇಲಿಯನ್ ಡಾಲರ್‌ಗೆ ಮಾರ್ಬಿಟ್ಟ, ಮನೆ ಡೆಪಾಸಿಟ್‌ಗೆ ಮತ್ತೆ ಆಸ್ಪತ್ರೆ ಖರ್ಚಿಗೆ ಅಂತೆ. ಬ್ಯಾನ್ ಆಗಿದ್ದು ಕದ್ದಿದ್ದಕ್ಕಲ್ಲ, ನಿಜವಾದ ದುಡ್ಡಿಗೆ ಮಾರಿದ್ದಕ್ಕೆ! ಈ ಆಟ ಮಾಡಿದ ಐಸ್‌ಲ್ಯಾಂಡಿನ ಸಿಸಿಪಿ ಕಂಪನಿಯವ್ರ ಪ್ರಕಾರ ಆಟದೊಳಗೆ ನಾಮ ಹಾಕೋದೂ ಆಟಾನೇ. ಜಿಟಾ ಅಂತ ಅಲ್ಲಿ ದೊಡ್ಡ ಮಾರ್ಕೆಟ್ ಇದೆ, ಅಲ್ಲಿ ಹಿಂದೆ ಒಂದು ಚೆಂದದ ಮೋಸ ನಡೀತಿತ್ತು: ಒಂದು ವಸ್ತು 10 ಕೋಟಿಗೆ ಮಾರಾಟಕ್ಕಿರತ್ತೆ, ಪಕ್ಕದಲ್ಲೇ ಅದನ್ನ 14 ಕೋಟಿಗೆ ಕೊಳ್ತೀನಿ ಅನ್ನೋ ಆರ್ಡರ್ರೂ ಇರತ್ತೆ. ಎರಡೂ ಹಾಕಿದ್ದು ಒಬ್ನೇ, ಇಲ್ಲಾ ಅವನ ದೋಸ್ತು. ಮಾರ್ಜಿನ್ ಟ್ರೇಡಿಂಗ್ ಅನ್ನೋ ಸ್ಕಿಲ್ ಇದ್ದವ್ರು ಪೂರ್ತಿ ದುಡ್ಡು ಕಟ್ದೇನೆ ಆರ್ಡರ್ ಇಡಬಹುದಿತ್ತು, ನೀವು 10 ಕೊಟ್ಟು ತಗೊಂಡು ಮಾರೋಕೆ ಹೋದ್ರೆ ಅವನ ವ್ಯಾಲೆಟ್ ಖಾಲಿ, ಆರ್ಡರ್ ಮಾಯ. ವಸ್ತು ನಿಮ್ಮ ತಲೆ ಮೇಲೆ. ಬೈಬೇಕು ಅನ್ಸತ್ತೆ, ಆದ್ರೂ ಐಡಿಯಾಗೆ ಭೇಷ್ ಅನ್ನದೇ ಇರಕ್ಕಾಗಲ್ಲ.

ಪ್ರಶ್ನೆ: ಆಟದಲ್ಲಿ ಒಬ್ಬ ನನ್ನ ಕಾಯಿನ್ಸ್ (ಆಟದ ದುಡ್ಡು) ಡಬಲ್ ಮಾಡಿ ಕೊಡ್ತೀನಿ ಅಂದ. 1 ಲಕ್ಷ ಕೊಟ್ಟೆ, 2 ಲಕ್ಷ ನಿಜವಾಗ್ಲೂ ವಾಪಸ್ ಬಂತು. ಈಗ 50 ಲಕ್ಷ ಕೊಡು ಅಂತಿದಾನೆ. ಕೊಡ್ಲಾ?
– ಪಿಯುಸಿ ವಿದ್ಯಾರ್ಥಿ, ಹಾಸನ

ಉತ್ತರ: ಆ 2 ಲಕ್ಷ ಜೇಬಿಗೆ ಹಾಕ್ಕೊಂಡು ಈಗಲೇ ಅವನನ್ನ ಬ್ಲಾಕ್ ಮಾಡಪ್ಪ. ಅವನಿಗೆ ಲಾಸ್ ಮಾಡಿದ ಮೊದಲನೇ ಗಿರಾಕಿ ನೀನೇ ಇರ್ಬೇಕು.