ಯುರೇನಿಯಂ ಮಾದರಿಯಲ್ಲಿ ಚೂರೇ ಚೂರು ಸೋಡಿಯಂ: ನಂಬುವ ಹಾಗೆ ಅಳೆಯೋದು ಹೇಗೆ?

ಪ್ರಶ್ನೆ: ಯುರೇನಿಯಂ ಆಕ್ಸೈಡನ್ನು ನೈಟ್ರಿಕ್ ಆ್ಯಸಿಡ್‌ನಲ್ಲಿ ಕರಗಿಸಿ ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ ಅಳೆಯುತ್ತಿದ್ದೇನೆ. ಯುರೇನಿಯಂ ತೆಗೆಯದೆ ನೇರವಾಗಿ ಫ್ಲೇಮ್ ಫೋಟೋಮೀಟರ್‌ಗೆ (ಜ್ವಾಲೆಯಲ್ಲಿ ಲೋಹ ಬೀರುವ ಬೆಳಕಿನಿಂದ ಅದರ ಪ್ರಮಾಣ ಅಳೆಯುವ ಉಪಕರಣ) ಕೊಟ್ಟರೆ ಆಗಲ್ವಾ? ಒಂದೇ ಮಾದರಿಗೆ ಸೋಡಿಯಂ ಪ್ರತಿ ಸಲ ಬೇರೆ ಬೇರೆ ಬರುತ್ತಿದೆ, ಯಾಕೆ?

ಉತ್ತರ: ಕೊಡಬಹುದು, ಆದರೆ ಬರುವ ಅಂಕಿಯನ್ನು ನಂಬೋದು ಕಷ್ಟ. ಅಷ್ಟೊಂದು ಯುರೇನಿಯಂ ಜ್ವಾಲೆಗೆ ಹೋದರೆ ಅದರದ್ದೇ ಬೆಳಕು ಜಾಸ್ತಿಯಾಗುತ್ತದೆ, ಬರ್ನರ್ ಕೂಡ ಕಟ್ಟಿಕೊಳ್ಳುತ್ತದೆ. ಐಸಿಪಿ-ಎಂಎಸ್‌ನಲ್ಲೂ (ಅಯಾನುಗಳನ್ನು, ಅಂದರೆ ವಿದ್ಯುದಾವೇಶ ಹೊತ್ತ ಪರಮಾಣುಗಳನ್ನು, ತೂಕದ ಮೇಲೆ ಬೇರ್ಪಡಿಸಿ ಎಣಿಸುವ ಉಪಕರಣ) ಯುರೇನಿಯಂನಿಂದ ಕಷ್ಟವೇ. ಭಾರದ ಯುರೇನಿಯಂ ಅಯಾನುಗಳು ಹಗುರ ಲಿಥಿಯಂ ಅಯಾನುಗಳನ್ನು ಬದಿಗೆ ತಳ್ಳುತ್ತವೆ, ಸಿಗ್ನಲ್ ಇಳಿಯುತ್ತದೆ.

ಹಾಗಾಗಿ ಯುರೇನಿಯಂ ತೆಗೆಯಿರಿ. ಯುರೇನಿಯಂ ಅನ್ನು ತನ್ನೊಳಗೆ ಎಳೆದುಕೊಳ್ಳುವ ದ್ರವ ಟ್ರೈಬ್ಯೂಟೈಲ್ ಫಾಸ್ಫೇಟ್, ಅಂದರೆ ಟಿಬಿಪಿಯನ್ನು, ನೀರಿನ ಜೊತೆ ಬೆರೆಯದ ಎಣ್ಣೆಯಂಥ ಡೋಡೆಕೇನ್‌ನಲ್ಲಿ ಬೆರೆಸಿ, ಮೊದಲೇ ಶುದ್ಧ ನೈಟ್ರಿಕ್ ಆ್ಯಸಿಡ್ ಜೊತೆ ಕುಲುಕಿ ಇಟ್ಟುಕೊಳ್ಳಿ. ಅದರಲ್ಲಿರುವ ಸೋಡಿಯಂ ಅಲ್ಲೇ ಕಳೆಯಲಿ. ಆಮೇಲೆ ಮಾದರಿ ಜೊತೆ ಕುಲುಕಿ. ಕೆಳಗಿನ ನೀರಿನಲ್ಲಿದ್ದ ಯುರೇನಿಯಂನ ಹಳದಿ ಬಣ್ಣ ಮೇಲಿನ ಪದರಕ್ಕೆ ಏರುವುದು ಕಣ್ಣಿಗೇ ಕಾಣುತ್ತದೆ. ಕ್ಷಾರ ಲೋಹಗಳು, ಅಂದರೆ ನಿಮಗೆ ಬೇಕಾದ ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ, ನೀರಿನಲ್ಲೇ ಉಳಿಯುತ್ತವೆ. ಬಣ್ಣ ಹೋಯಿತು ಅಂತ ಅಲ್ಲಿಗೇ ನಿಲ್ಲಿಸಬೇಡಿ, ಹೊಸ ಟಿಬಿಪಿಯಿಂದ ಇನ್ನೂ ಎರಡು ಸಲ ಮಾಡಿ. ಕೊನೆಗೆ ಆ ನೀರನ್ನು ಬರೀ ಡೋಡೆಕೇನ್ ಜೊತೆ ಒಮ್ಮೆ ಕುಲುಕಿ ತೊಳೆಯಿರಿ. ಹಳದಿ ಪದರ ಯುರೇನಿಯಂ ತ್ಯಾಜ್ಯದ ಡಬ್ಬಿಗೇ ಹೋಗಬೇಕು, ಸಿಂಕ್‌ಗಲ್ಲ.

ಪೊಟ್ಯಾಸಿಯಂ ಜ್ವಾಲೆಯಲ್ಲಿ ಸುಲಭವಾಗಿ ಎಲೆಕ್ಟ್ರಾನ್ ಕಳೆದುಕೊಳ್ಳುತ್ತದೆ, ಆಗ ಅಳೆಯುವ ಬೆಳಕು ಕಡಿಮೆಯಾಗುತ್ತದೆ. ಅದನ್ನು ತಡೆಯಲು ಮಾದರಿ, ಸ್ಟ್ಯಾಂಡರ್ಡ್ (ಪ್ರಮಾಣ ಗೊತ್ತಿರುವ ದ್ರಾವಣ), ಬ್ಲ್ಯಾಂಕ್ (ಮಾದರಿ ಹಾಕದೆ ಉಳಿದದ್ದೆಲ್ಲ ಹಾಕಿದ ದ್ರಾವಣ) ಮೂರಕ್ಕೂ ಒಂದೇ ಅಳತೆಯ ಶುದ್ಧ ಸೀಸಿಯಂ ಲವಣ ಹಾಕಿ.

ಇನ್ನು ನಿಮ್ಮ ಸೋಡಿಯಂ. ಇಲ್ಲಿ ನನ್ನ ಅನುಮಾನ ಯುರೇನಿಯಂ ಮೇಲಲ್ಲ, ನಿಮ್ಮ ಪಾತ್ರೆ ಮತ್ತು ಕೈ ಮೇಲೆ. ಒಂದು ಸಣ್ಣ ಪರೀಕ್ಷೆ ಮಾಡಿ. ಶುದ್ಧ ನೀರಿಗೆ ಬೆರಳ ತುದಿ ಅದ್ದಿ, ಆ ನೀರನ್ನು ಜ್ವಾಲೆಗೆ ಕೊಡಿ. ಬೆವರಿನ ಉಪ್ಪಿಗೇ ಸೋಡಿಯಂ ಅಂಕಿ ಏರುತ್ತದೆ. ಗಾಜು, ಧೂಳು, ಆ್ಯಸಿಡ್ ಬಾಟಲಿಯ ಬಾಯಿ, ಎಲ್ಲದರಿಂದಲೂ ಹೀಗೇ ಬರುತ್ತದೆ. ಗಾಜು ಬಿಟ್ಟು ಟೆಫ್ಲಾನ್ ಅಥವಾ ಪಾಲಿಪ್ರೊಪಿಲೀನ್ ಬಳಸಿ. ಅವನ್ನೂ ಆ್ಯಸಿಡ್‌ನಲ್ಲಿ ನೆನೆಸಿ ತೊಳೆದಿರಬೇಕು.

ಸ್ಪೈಕ್, ಅಂದರೆ ಎಷ್ಟು ವಾಪಸ್ ಸಿಗುತ್ತದೆ ಅಂತ ನೋಡಲು ಗೊತ್ತಿರುವಷ್ಟು ಲೋಹವನ್ನು ಮಾದರಿಗೆ ಹಾಕುವುದಾದರೆ, ಟಿಬಿಪಿ ಜೊತೆ ಕುಲುಕುವ ಮೊದಲೇ ಹಾಕಿ. ಆಮೇಲೆ ಹಾಕಿದರೆ ದಾರಿಯಲ್ಲಿ ಎಷ್ಟು ಕಳೆಯಿತು ಅಂತ ಗೊತ್ತಾಗುವುದೇ ಇಲ್ಲ. ಅದಕ್ಕೂ ಮೊದಲು, ಯುರೇನಿಯಂ ಮುಟ್ಟದೆ ಮೂರ್ನಾಲ್ಕು ಬ್ಲ್ಯಾಂಕ್‌ಗಳನ್ನು ಕರಗಿಸುವ ಹಂತದಿಂದ ಕೊನೆಯವರೆಗೆ ನಡೆಸಿ ನೋಡಿ. ಅವುಗಳ ಅಂಕಿಯೇ ಒಂದಕ್ಕೊಂದು ದೂರ ಇದ್ದರೆ, ಅವು ಹತ್ತಿರ ಬರುವವರೆಗೆ ಮಾದರಿ ಕರಗಿಸಬೇಡಿ.