4ಕ್ಕೆ 4.17 ಬಂದದ್ದು ಹೇಗೆ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ಕೆಲವು ವರ್ಷಗಳ ಹಿಂದೆ ನಾನೂ ಇದೇ ಪ್ರಶ್ನೆ ಹಿಡ್ಕೊಂಡು ಅಲೆದವಳು. ಮೈಸೂರಿನಿಂದ ಕ್ಯಾಲಿಫೋರ್ನಿಯಾಕ್ಕೆ ಬಂದು ಒಂದೂವರೆ ವರ್ಷ, ಹನ್ನೊಂದನೇ ಕ್ಲಾಸಿನ ಮಗಳ ರಿಪೋರ್ಟ್ ಕಾರ್ಡಿನಲ್ಲಿ ಜಿಪಿಎ (ಎಲ್ಲ ವಿಷಯಗಳ ಗ್ರೇಡಿನ ಸರಾಸರಿ) ಒಂದು ಕಡೆ 3.67, ಪಕ್ಕದಲ್ಲೇ 4.17, ಯಾವುದನ್ನು ನಂಬಬೇಕು ಅಂತ ಕೇಳಿದ್ದೀರಿ. ಎಸ್‌ಎಸ್‌ಎಲ್‌ಸಿಯಲ್ಲಿ ತಲೆಕೆಳಗಾಗಿ ನಿಂತರೂ 625ಕ್ಕೆ 626 ಬಾರದ ಊರಿನವರು ನಾವು. 4ಕ್ಕೆ 4.17 ಅಂದರೆ ಅಚ್ಚಿನ ತಪ್ಪು ಅನ್ನಿಸೋದು ಸಹಜ.

ಎರಡೂ ಸರಿ. ಎ ಬಂದರೆ 4, ಬಿ ಬಂದರೆ 3, ಸಿಗೆ 2. ಎಲ್ಲ ವಿಷಯಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಅದು ಅನ್‌ವೆಯ್ಟೆಡ್. ಎಪಿ (ಅಡ್ವಾನ್ಸ್ಡ್ ಪ್ಲೇಸ್ಮೆಂಟ್) ಕೋರ್ಸುಗಳು ಕಾಲೇಜು ಮಟ್ಟದವು, ಕಷ್ಟ ಜಾಸ್ತಿ ಅಂತ ಅವುಗಳಿಗೆ ಒಂದು ಅಂಕ ಸೇರಿಸಿ ಕೊಟ್ಟರೆ ವೆಯ್ಟೆಡ್. ನಿಮ್ಮ ಮಗಳಿಗೆ ಎಪಿ ಇಂಗ್ಲಿಷ್‌ನಲ್ಲಿ ಎ, ಎಪಿ ಅಮೆರಿಕನ್ ಇತಿಹಾಸ ಮತ್ತು ಎಪಿ ಕ್ಯಾಲ್ಕುಲಸ್‌ನಲ್ಲಿ ಬಿ, ಮಾಮೂಲಿ ಫಿಸಿಕ್ಸ್, ಸ್ಪ್ಯಾನಿಷ್, ಚಿತ್ರಕಲೆ ಮೂರರಲ್ಲೂ ಎ. ಕೂಡಿದರೆ 22, ಆರರಿಂದ ಭಾಗಿಸಿದರೆ 3.67. ಮೂರು ಎಪಿಗೆ ಮೂರು ಅಂಕ ಸೇರಿ 25, ಭಾಗಿಸಿದರೆ 4.17. ಇಷ್ಟೇ ಲೆಕ್ಕ. ಆನರ್ಸ್ ಅಂತ ಮಾಮೂಲಿಗಿಂತ ಕಷ್ಟದ ಕೋರ್ಸಿಗೆ ಕೆಲವು ಶಾಲೆಗಳು ಅರ್ಧ ಅಂಕ ಕೊಡುತ್ತವೆ, ಕೆಲವು ಒಂದು ಕೊಡುತ್ತವೆ, ಕೆಲವು ಏನೂ ಕೊಡೋದಿಲ್ಲ. ಹಾಗಾಗಿ ಪಕ್ಕದ ಮನೆ ಹುಡುಗನ 4.4 ಕೇಳಿ ಹೊಟ್ಟೆ ಉರಿಸಿಕೊಳ್ಳಬೇಡಿ. ಅವನ ಶಾಲೆ ಅಳೆಯೋ ಸೇರೇ ಬೇರೆ ಇರಬಹುದು.

ಈ ಲೆಕ್ಕಕ್ಕೆ ಒಂದು ವಕ್ರಬುದ್ಧಿಯಿದೆ. ಮಗಳು ಆರರ ಜೊತೆ ಏಳನೆಯದಾಗಿ ಸಂಗೀತ ತಗೊಂಡು ಅದರಲ್ಲೂ ಎ ತಂದಳು ಅನ್ನಿ. 29ನ್ನು ಏಳರಿಂದ ಭಾಗಿಸಿ: 4.14. ಒಂದು ವಿಷಯ ಹೆಚ್ಚು ಕಲಿತು, ಪೂರ್ತಿ ಎ ತಂದರೂ ಜಿಪಿಎ ಇಳಿಯಿತು! ಟೆಕ್ಸಾಸ್‌ನಲ್ಲಿ 1997ರ ಕಾನೂನಿನಿಂದಾಗಿ ತರಗತಿಯ ಮೇಲಿನ ಶೇಕಡಾ 10ರಲ್ಲಿ ಬಂದವರಿಗೆ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ನೇರ ಸೀಟು (ಆಸ್ಟಿನ್‌ನಲ್ಲಿ ಮಿತಿ ಇನ್ನೂ ಬಿಗಿ). ಅಂಥ ಕಡೆ ರ‍್ಯಾಂಕಿಗೆ ನೂರರಲ್ಲೊಂದು ಭಾಗವೂ ಮುಖ್ಯ. ಸಂಗೀತ, ಚಿತ್ರಕಲೆಯನ್ನು ಮಕ್ಕಳು ಕೈಬಿಡೋದು ಇದಕ್ಕೇ.

ನಮ್ಮನೇಲೂ ಅದೇ ಆಯಿತು. ಮಗ ಆರನೇ ಕ್ಲಾಸಿನಿಂದ ಶಾಲೆಯ ಆರ್ಕೆಸ್ಟ್ರಾದಲ್ಲಿ ವಯಲಿನ್ ನುಡಿಸ್ತಿದ್ದ. ಹನ್ನೊಂದಕ್ಕೆ ಬಂದಾಗ "ಅಮ್ಮಾ, ಇದು ನನ್ನ ಜಿಪಿಎ ಕೆಳಗೆ ಎಳೀತಿದೆ, ಇನ್ನೊಂದು ಎಪಿ ತಗೋತೀನಿ" ಅಂದ. ಲೆಕ್ಕ ನೋಡಿ ನಾನೂ ಹೂಂ ಅಂದೆ. ಆ ಎಪಿಯಲ್ಲಿ ಎರಡೂ ಸೆಮಿಸ್ಟರ್ ಬಿ ಬಂತು. ಶಾಲೆಯ ಕಾರ್ಡಿನಲ್ಲಿ ಎಪಿಯ ಬಿ ಅಂದರೆ 4. ವಯಲಿನ್‌ನಲ್ಲಿ ಎ ಬಂದಿದ್ದರೂ 4.

ನಿಜವಾದ ಪೆಟ್ಟು ಬಿದ್ದದ್ದು ಯುಸಿ ಅರ್ಜಿಯ ಹೊತ್ತಿಗೆ. ಬರ್ಕ್ಲಿ, ಲಾಸ್ ಏಂಜಲೀಸ್, ಡೇವಿಸ್ ಎಲ್ಲ ಸೇರಿದ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಶಾಲೆಯ ಜಿಪಿಎಯನ್ನು ಮೂಸಿಯೂ ನೋಡೋದಿಲ್ಲ. ವಿಷಯ, ಗ್ರೇಡ್ ನಾವು ತುಂಬಬೇಕು, ಲೆಕ್ಕ ಅವರೇ ಹಾಕುತ್ತಾರೆ. ಹತ್ತು ಮತ್ತು ಹನ್ನೊಂದನೇ ಕ್ಲಾಸಿನ ಎ-ಜಿ ಪಟ್ಟಿಯ (ಇದು ಗ್ರೇಡಲ್ಲ, ಯುಸಿ ಒಪ್ಪುವ ವಿಷಯಗಳ ಪಟ್ಟಿ) ವಿಷಯಗಳು ಮಾತ್ರ. ಪ್ಲಸ್, ಮೈನಸ್ ಲೆಕ್ಕಕ್ಕಿಲ್ಲ. ಹೆಚ್ಚುವರಿ ಅಂಕ ಒಟ್ಟು ಎಂಟು ಸೆಮಿಸ್ಟರಿಗೆ ಮಾತ್ರ, ಅದರಲ್ಲೂ ಹತ್ತನೇ ಕ್ಲಾಸಿನಿಂದ ನಾಲ್ಕಕ್ಕಿಂತ ಹೆಚ್ಚಿಲ್ಲ. ಡಿ ಬಂದರೆ ಆ ಅಂಕವೂ ಇಲ್ಲ. ಇಷ್ಟಾಗಿ ಕನಿಷ್ಠ 3.0 ಇರಬೇಕು, ಹೊರರಾಜ್ಯದವರಿಗೆ 3.4. ಮಗನಿಗೆ ಹತ್ತರಲ್ಲಿ ಎರಡು ಎಪಿ, ಹನ್ನೊಂದರಲ್ಲಿ ಎರಡು, ಒಂದೊಂದಕ್ಕೆ ಎರಡು ಸೆಮಿಸ್ಟರಿನಂತೆ ಎಂಟು ಸೆಮಿಸ್ಟರ್ ಆಗಲೇ ತುಂಬಿತ್ತು. ವಯಲಿನ್ ಬಿಟ್ಟು ತಗೊಂಡ ಎಪಿಗೆ ಸಿಕ್ಕಿದ್ದು ಸೊನ್ನೆ. ಬಿ ಬರೀ 3 ಆಯಿತು. ಎರಡು ವರ್ಷದಲ್ಲಿ ಸೆಮಿಸ್ಟರಿಗೆ ಆರರಂತೆ 24 ಗ್ರೇಡುಗಳು, ಅದರಲ್ಲಿ 16 ಎ, 8 ಬಿ: 88 ಪ್ಲಸ್ 8, ಒಟ್ಟು 96, ಅಂದರೆ 4.00. ವಯಲಿನ್ ಇಟ್ಕೊಂಡು ಎ ತಂದಿದ್ದರೆ 98, ಅಂದರೆ 4.08. ಅರ್ಜಿ ಓದುವವರು ಮಗು ಎಷ್ಟು ಕಷ್ಟದ ಕೋರ್ಸ್ ತಗೊಂಡಿದೆ ಅಂತಲೂ ನೋಡ್ತಾರೆ, ಆ ಎಪಿ ಪೂರ್ತಿ ವ್ಯರ್ಥ ಅನ್ನಲಾರೆ. ಆದರೆ ಜಿಪಿಎ ಏರಲಿ ಅಂತ ಮಾಡಿದ್ದು ಜಿಪಿಎಯನ್ನೇ ಇಳಿಸಿತು.

ಖಾಸಗಿ ಕಾಲೇಜುಗಳದ್ದು ಬೇರೆ ದಾರಿ. ಟ್ರಾನ್‌ಸ್ಕ್ರಿಪ್ಟ್ (ಎಲ್ಲ ಗ್ರೇಡುಗಳ ಪಟ್ಟಿ) ಜೊತೆ ಶಾಲೆ 'ಸ್ಕೂಲ್ ಪ್ರೊಫೈಲ್' ಅಂತ ಒಂದೆರಡು ಪುಟ ಕಳಿಸುತ್ತೆ. ಅಲ್ಲಿ ಯಾವ ಕೋರ್ಸಿಗೆ ಎಷ್ಟು ತೂಕ, ಎಷ್ಟು ಎಪಿ ಇವೆ ಎಲ್ಲ ಇರುತ್ತೆ. ಕೌನ್ಸೆಲರ್ ಹತ್ತಿರ ಅದರದ್ದೊಂದು ಪ್ರತಿ ಕೇಳಿ.

ಕೊನೆಗೆ, ಮುಂದಿನ ವರ್ಷ ಚಿತ್ರಕಲೆ ಬಿಟ್ಟು ನಾಲ್ಕನೇ ಎಪಿ ತಗೊಳ್ಳಲಾ ಅಂತ ಮಗಳು ಕೇಳ್ತಿದ್ದಾಳೆ ಅಂದಿರಲ್ಲ. ಮುಂದಿನ ವರ್ಷ ಅವಳು ಹನ್ನೆರಡನೇ ಕ್ಲಾಸು. ಯಾವ ಕೋರ್ಸ್ ತಗೊಂಡಿದ್ದಾಳೆ ಅಂತ ಯುಸಿಯವರು ನೋಡ್ತಾರೆ, ಗ್ರೇಡ್ ತೀರಾ ಬೀಳಬಾರದು. ಆದರೆ ಆ ವರ್ಷದ ಗ್ರೇಡು ಯುಸಿ ಜಿಪಿಎಗೆ ಸೇರೋದೇ ಇಲ್ಲ. ಆ ಎಪಿ ವಿಷಯ ಅವಳಿಗೆ ಇಷ್ಟವಾ ಅಂತ ಮೊದಲು ಕೇಳಿ. ಬರೀ ಅಂಕಕ್ಕೆ ಅಂದರೆ, ಬಣ್ಣದ ಡಬ್ಬಿ ಅಲ್ಲೇ ಇರಲಿ ಅನ್ನಿ.