ಪ್ಯಾನಲ್ ಬಾಗಿಲಿಗೆ ತೂತು ಕೊರೆಯದೆ ಕೇಬಲ್ ಟೈ ಬೇಸ್ ಕೂರಿಸುವುದು ಹೇಗೆ?

ನಿಮ್ಮದು 1.6 ಮಿ.ಮೀ. ಸಿಆರ್‌ಸಿಎ, ಅಂದರೆ ಕೋಲ್ಡ್ ರೋಲ್ಡ್ ಉಕ್ಕಿನ ಶೀಟಿನ ಕಂಟ್ರೋಲ್ ಪ್ಯಾನಲ್. ಪೇಂಟ್ ಆದ ಬಾಗಿಲ ಒಳಗೆ ಅಂಟಿಸಿದ, ವೈರು ಕಟ್ಟುವ ಟೈ ಬೇಸ್‌ಗಳು ಬಿಸಿಗೆ ಕಿತ್ತು ಬರುತ್ತಿವೆ, ಸ್ಟಡ್ ವೆಲ್ಡಿಂಗ್ (ಥ್ರೆಡ್ ಇರುವ ಪುಟ್ಟ ಕಡ್ಡಿಯನ್ನು ಶೀಟಿಗೆ ಬೆಸೆಯುವುದು) ಮಾಡಿಸಬಹುದಾ ಅಂತ ಕೇಳಿದ್ದೀರಿ. ಖಂಡಿತ ಮಾಡಿಸಿ. ನಾನು ಪೀಣ್ಯದ ಶೆಡ್ ಒಂದರಲ್ಲಿ ವರ್ಷಗಟ್ಟಲೆ ಇದೇ ಕೆಲಸ ಮಾಡಿದವನು. ತೂತು ಬೇಡ ಅನ್ನೋ ನಿಮ್ಮ ಯೋಚನೆ ಸರಿಯಾಗಿದೆ. ಹೊರಗೆ ಸ್ಕ್ರೂ ಕಾಣುವುದು ಹಾಗಿರಲಿ, ಒಂದೊಂದು ತೂತೂ ನೀರಿಗೆ, ಧೂಳಿಗೆ ದಾರಿ ಅಲ್ವಾ?

ಇಷ್ಟು ತೆಳು ಶೀಟಿಗೆ ಕೆಪಾಸಿಟರ್ ಡಿಸ್ಚಾರ್ಜ್, ಅಂದರೆ ಸಿಡಿ ವೆಲ್ಡಿಂಗ್ ಬೇಕು. ಸ್ಟಡ್ಡಿನ ಬುಡದಲ್ಲಿ ಒಂದು ಪುಟ್ಟ ಮೊನೆ ಇರುತ್ತದೆ. ಗನ್ನಿನಿಂದ ಒತ್ತಿ ಟ್ರಿಗರ್ ಎಳೆದಾಗ ಕೆಪಾಸಿಟರ್‌ನಲ್ಲಿದ್ದ ಕರೆಂಟೆಲ್ಲ ಆ ಮೊನೆಯ ಮೇಲೆ ಹಾಯುತ್ತದೆ. ಮೊನೆ ಆವಿಯಾಗಿ ಆರ್ಕ್ ಹೊತ್ತುತ್ತದೆ, ಕರಗಿದ ಲೋಹದೊಳಕ್ಕೆ ಸ್ಪ್ರಿಂಗ್ ಸ್ಟಡ್ಡನ್ನು ತಳ್ಳುತ್ತದೆ. ಇಷ್ಟಕ್ಕೂ ಹಿಡಿಯುವುದು 1ರಿಂದ 3 ಮಿಲಿಸೆಕೆಂಡ್. ಬಿಸಿ ಹಿಂದಕ್ಕೆ ಇಳಿಯಲು ಪುರುಸೊತ್ತೇ ಸಿಗುವುದಿಲ್ಲ. ಅದಕ್ಕೇ ಬಾಗಿಲಿನ ಹೊರಮೈ ಚೆನ್ನಾಗಿ ಉಳಿಯುತ್ತದೆ. ಯಾರಾದರೂ ಸೆರಾಮಿಕ್ ರಿಂಗ್ ಇಟ್ಟು ಹೊಡೆಯುವ ಗನ್ ತಂದರೆ ಬೇಡ ಅನ್ನಿ, ಅದು ದಪ್ಪ ಪ್ಲೇಟಿಗೆ. ಟೈ ಬೇಸಿಗೆ ತಾಮ್ರದ ಲೇಪವಿರುವ ಎಂ4 (4 ಮಿ.ಮೀ. ಥ್ರೆಡ್ಡಿನ) ಮೈಲ್ಡ್ ಸ್ಟೀಲ್ ಸ್ಟಡ್ ಸಾಕು.

ಹೊಸ ಪ್ಯಾನಲ್ ಆದರೆ ಪೌಡರ್ ಕೋಟಿಂಗಿಗೆ ಮೊದಲೇ ಸ್ಟಡ್ ಹೊಡೆಸಿ, ಥ್ರೆಡ್ಡಿಗೆ ಸಿಲಿಕೋನ್ ಕ್ಯಾಪ್ ಹಾಕಿ ಪೇಂಟಿಗೆ ಕಳಿಸಿ. ಕ್ಯಾಪ್ ಮರೆತರೆ ಪೇಂಟ್ ತುಂಬಿದ ಥ್ರೆಡ್ ಬಿಡಿಸಲು ಪ್ರತಿ ಸ್ಟಡ್ಡಿಗೂ ಡೈ ಹಾಕುತ್ತಾ ಕೂರಬೇಕಾಗುತ್ತದೆ.

ಎಲ್ಲಕ್ಕಿಂತ ಮುಖ್ಯ ಶೀಟಿನ ಮೈ. ಒಮ್ಮೆ ಸಿಆರ್ ಶೀಟ್ ಸಿಗದೆ ಎಚ್‌ಆರ್ (ಹಾಟ್ ರೋಲ್ಡ್) ಶೀಟಿನ ಮೇಲೆ, ಅದರ ಕಪ್ಪು ಪೊರೆ ಉಜ್ಜದೆ ಹೊಡೆದುಬಿಟ್ಟೆವು. ನೋಡಲು ಚೆನ್ನಾಗೇ ಕೂತಿದ್ದವು. ನಟ್ ಬಿಗಿ ಮಾಡುವಾಗ ಒಂದೊಂದೇ ಕೈಗೆ ಬಂದವು. ಎಣ್ಣೆ, ತುಕ್ಕು, ಪೇಂಟ್, ಪೊರೆ ಯಾವುದೂ ಇರಬಾರದು. ಅರ್ಥ್ ಕ್ಲಾಂಪನ್ನೂ ಬರಿ ಲೋಹಕ್ಕೇ ಹಿಡಿಸಿ. ಒಂದರ ಬದಲು ಎರಡು ಕ್ಲಾಂಪನ್ನು ಸ್ಟಡ್ಡಿನ ಎರಡೂ ಪಕ್ಕ ಹಾಕಿದರೆ ಆರ್ಕ್ ಒಂದೇ ಕಡೆ ವಾಲುವುದಿಲ್ಲ.

ಕೆಲಸ ಶುರು ಮಾಡುವ ಮೊದಲು ಅದೇ ದಪ್ಪದ ತುಂಡಿನ ಮೇಲೆ ನಾಲ್ಕೈದು ಹೊಡೆಸಿ. ಸ್ಟಡ್ಡಿಗೆ ಪೈಪ್ ತೂರಿಸಿ ಅದನ್ನು 30 ಡಿಗ್ರಿ ಬಗ್ಗಿಸಿ. ಬಿರುಕು ಬಿಡದಿದ್ದರೆ ಸೆಟ್ಟಿಂಗ್ ಸರಿ. ಇನ್ನೂ ಬಗ್ಗಿಸುತ್ತಾ ಮುರಿದು ನೋಡಿ. ಸ್ಟಡ್ಡೇ ಮುರಿಯಬೇಕು, ಇಲ್ಲವೇ ಶೀಟಿನ ಚೂರು ಕಿತ್ತು ಬರಬೇಕು. ಬೆಸುಗೆಯ ಜಾಗದಲ್ಲೇ ಬಿಟ್ಟರೆ ವೋಲ್ಟೇಜ್ ಅಥವಾ ಸ್ಪ್ರಿಂಗ್ ಬದಲಿಸಬೇಕು.

ನಿಮ್ಮ ಬಾಗಿಲಿಗೆ ಈಗಾಗಲೇ ಪೇಂಟ್ ಆಗಿದೆಯಲ್ಲ, ಚಿಂತೆ ಬೇಡ. ಒಳಗಡೆ ರೂಪಾಯಿ ನಾಣ್ಯದಷ್ಟು ಜಾಗದ ಪೇಂಟ್ ಉಜ್ಜಿ ಹೊಳೆಯುವ ಲೋಹ ಬರಿಸಿ. ಮೀಟರ್, ವೈರು ಎಲ್ಲ ಬಿಚ್ಚಿ, ಬಾಗಿಲನ್ನೇ ಕಳಚಿ ಬೇರೆ ಕಡೆ ಇಟ್ಟು ಹೊಡೆಸಿ. ಡ್ರೈವ್, ಪಿಎಲ್‌ಸಿಯಂಥ ಎಲೆಕ್ಟ್ರಾನಿಕ್ಸ್ ಇರುವ ಪ್ಯಾನಲ್ಲಿಗೆ ಆ ಕರೆಂಟ್ ಹಾಯುವುದು ಬೇಡ. ಪೇಸ್‌ಮೇಕರ್ ಹಾಕಿಸಿಕೊಂಡವರು ಹತ್ತಿರ ನಿಲ್ಲಲೇಬಾರದು. ಆಮೇಲೆ ಸ್ಟಡ್ಡಿನ ಸುತ್ತ ಟಚ್‌ಅಪ್ ಪೇಂಟ್ ಹಚ್ಚಿ, ಒಣಗಿದ ಮೇಲೆ ಬೇಸ್ ಕೂರಿಸಿ ನೈಲಾಕ್ (ತಾನಾಗಿ ಸಡಿಲವಾಗದ) ನಟ್ ಹಾಕಿ. ಬೇಸ್ ನೈಲಾನಿನದು, ಜಾಸ್ತಿ ಬಿಗಿದರೆ ಸೀಳುತ್ತದೆ.